ಬರ್ತೀನಿ ಎಂದವರ ಕೀಲಿ

ಮೊಳಕೆ ಸೀಡ್ಸ್‌ನಲ್ಲಿ ಕೆಲಸಗಾರರು ನಲವತ್ತೊಂದು ಜನ. ಕೀಲಿಗಳು ನಲವತ್ತೆರಡು. ಪರೀಕ್ಷೆಗೆಂದು ನನಗೆ ಕೊಟ್ಟಿದ್ದ ತಾತ್ಕಾಲಿಕ ಕೀಲಿಯನ್ನು ಇದರಲ್ಲಿ ಹಿಡಿದಿಲ್ಲ. ನನ್ನನ್ನು ನಾನು ಎಣಿಸಿಕೊಳ್ಳುವ ಅಭ್ಯಾಸ ನನಗಿಲ್ಲ.

ಕೀಲಿ ಎಂದರೆ ಬಾಗಿಲಿನದಲ್ಲ. ಕಂಪನಿಯ ದಾಖಲೆಗಳಲ್ಲಿ ಯಾರು ಯಾವುದನ್ನು ಓದಬಹುದು, ಯಾವುದನ್ನು ತಿದ್ದಬಹುದು ಎಂದು ಕಂಪ್ಯೂಟರಿನೊಳಗೆ ಬರೆದಿಡುವ ಪರವಾನಗಿ. ಅದನ್ನು ತಪಾಸಣೆ ಮಾಡುವುದೇ ನನ್ನ ಹೊಟ್ಟೆಪಾಡು. ಯಾವುದಾದರೂ ಕಂಪನಿಯವರಿಗೆ ಎಲ್ಲರ ಮೇಜಿಗೂ ಒಂದೊಂದು ಯಂತ್ರ ಸಹಾಯಕ ಬೇಕೆನಿಸಿದಾಗ, ಅದನ್ನು ಚಾಲೂ ಮಾಡುವ ಮೊದಲು ಧಾರವಾಡದಿಂದ ನನ್ನನ್ನು ಕರೆಸುತ್ತಾರೆ. ಸೊಸೆ ಮನೆಗೆ ಬರುವ ಮೊದಲು ಯಾವ ಯಾವ ಕಪಾಟಿಗೆ ಬೀಗ ಹಾಕಬೇಕೆಂದು ನೋಡುವ ಅತ್ತೆಯ ಕೆಲಸ ನಿನ್ನದು ಎಂದು ನನ್ನ ಅವ್ವ ನಗುತ್ತಾಳೆ. ಮದುವೆಯಾಗದ ಮಗಳಿಗೆ ಹೀಗೆ ಹೇಳಿ ನಗುವುದು ಅವಳಿಗೇ ಸಾಧ್ಯ.

ರಾಣೇಬೆನ್ನೂರಿನ ಈ ಬೀಜದ ಕಂಪನಿಯ ಮಾಲೀಕ ಮಹಾಂತೇಶ ಬಣಕಾರ ಮುಂದಿನ ಸೋಮವಾರವೇ ಎಲ್ಲರಿಗೂ 'ಜೊತೆಗಾರ'ನನ್ನು ಕೊಡಬೇಕೆಂದು ಪಟ್ಟು ಹಿಡಿದಿದ್ದ. ಜೊತೆಗಾರ ಎಂಬುದು ಆ ಸಹಾಯಕನ ಹೆಸರು. ಅದು ತನ್ನ ಒಡೆಯ ಏನೇನು ನೋಡಬಹುದೋ ಅದನ್ನೆಲ್ಲ ನೋಡುತ್ತದೆ, ಒಡೆಯನ ಪರವಾಗಿ ಪತ್ರ ಬರೆಯುತ್ತದೆ, ಆದೇಶ ಕಳಿಸುತ್ತದೆ, ನಾಲ್ಕು ತಿಂಗಳಲ್ಲಿ ಒಡೆಯನ ಮಾತಿನ ಧಾಟಿಯನ್ನೂ ಕಲಿತುಬಿಡುತ್ತದೆ. ಒಂದು ವರ್ಷದಿಂದ ಮೂವರು ಅದನ್ನು ಪ್ರಯೋಗಕ್ಕೆಂದು ಬಳಸುತ್ತಿದ್ದರು. ಸೋಮವಾರದಿಂದ ಎಲ್ಲರ ಜೊತೆಗಾರರೂ ಒಂದಕ್ಕೊಂದು ಮಾತಾಡಿಕೊಳ್ಳಲು ಶುರು ಮಾಡುತ್ತವೆ. ಆಮೇಲೆ ಒಂದು ಕೀಲಿ ಕಳ್ಳನ ಕೈಗೆ ಸಿಕ್ಕರೂ ಇಡೀ ಮನೆ ಸಿಕ್ಕ ಹಾಗೆ. ಅದರಲ್ಲೂ ಒಡೆಯನಿಲ್ಲದ ಕೀಲಿಯಷ್ಟು ಅಪಾಯದ್ದು ಇನ್ನೊಂದಿಲ್ಲ.

ನಲವತ್ತೆರಡನೆಯ ಕೀಲಿ ಈಶ್ವರಪ್ಪ ಕಾಕೋಳ ಎಂಬವರದು. ತಳಿ ವಿಭಾಗದ ಮುಖ್ಯಸ್ಥರು, ಜೊತೆಗಾರನನ್ನು ಪ್ರಯೋಗಕ್ಕೆ ಬಳಸುತ್ತಿದ್ದ ಮೂವರಲ್ಲಿ ಒಬ್ಬರು. ಕೊನೆಯ ಸಲ ಬಳಸಿದ್ದು ನಾನು ತಪಾಸಣೆಗೆ ಕೂತ ದಿನವೇ, ಮಂಗಳವಾರ ಮುಂಜಾನೆ ಐದಕ್ಕೆ. ಆದರೆ ಸಂಬಳದ ಪಟ್ಟಿಯಲ್ಲಿ ಆ ಹೆಸರೇ ಇರಲಿಲ್ಲ.

ಕಚೇರಿಯ ಕಾಗದಪತ್ರ ನೋಡಿಕೊಳ್ಳುತ್ತಿದ್ದವನು ಇರ್ಫಾನ್ ನದಾಫ. ಐವತ್ತರ ಆಸುಪಾಸಿನ ಮೆತ್ತನೆಯ ಮನುಷ್ಯ. ಈ ಕಾಕೋಳ ಅವರು ಎಲ್ಲಿ ಎಂದು ಕೇಳಿದೆ. ಹೊರಗೆ ಹೋಗಿದ್ದಾರೆ ಎಂದ. ಯಾವಾಗ ಬರುತ್ತಾರೆ ಎಂದರೆ ಮುಖ ಎತ್ತದೆ ಚಹಾದ ಲೋಟ ತಿರುಗಿಸುತ್ತ ಕುಳಿತ. ನಾನು ಸಿಬ್ಬಂದಿ ದಾಖಲೆ ತೆಗೆದೆ. ಕೆಲಸ ಬಿಟ್ಟ ಕಾರಣ ಎಂಬಲ್ಲಿ ನಾಲ್ಕು ಆಯ್ಕೆ: ರಾಜೀನಾಮೆ, ನಿವೃತ್ತಿ, ವಜಾ, ಇತರೆ. ಇರ್ಫಾನ್ 'ಇತರೆ' ಆರಿಸಿ ಅದರ ಮುಂದೆ ಹೀಗೆ ಬರೆದಿದ್ದ: ಫೆಬ್ರುವರಿ ಒಂಬತ್ತು, ಶಿವನ ಮನಿಗೆ ಹೋಗ್ಯಾರ.

ನನಗೆ ಸಿಟ್ಟು ಬೇಗ ಬರುತ್ತದೆ. ಸತ್ತವರ ಕೀಲಿಯನ್ನು ಏಳು ತಿಂಗಳು ತೆರೆದಿಟ್ಟುಕೊಂಡು ಕೂತಿದ್ದೀರಲ್ಲ, ಸತ್ತಿದ್ದಾರೆ ಎಂದು ಬರೆಯಲು ಏನಾಗಿತ್ತು ಎಂದು ದಬಾಯಿಸಿದೆ.

"ಹೆಂಗ ಬರೀಲ್ರಿ ಮೇಡಂ?" ಎಂದ ಇರ್ಫಾನ್. "ಅವತ್ತ ಮುಂಜಾನಿ ಅವ್ರು ಕೊಡಿಸಿದ ಚಾ ಕುಡದಿದ್ದೆ. ಸಂಜೀಕ ಆ ಹೆಸರಿನ ಮುಂದ ಆ ಮಾತು ಬರಿ ಅಂದ್ರ ಕೈ ಏಳಬೇಕಲ್ರಿ."

ಆಮೇಲೆ ಅವನೇ ಎಲ್ಲ ಹೇಳಿದ. ಈಶ್ವರಪ್ಪ ಸಂಜೆ ಐದೂವರೆಗೆ ಸ್ಕೂಟರ್ ಹತ್ತಿ ಹೊರಟವರು, ಹೆದ್ದಾರಿಯ ಪಕ್ಕದ ಚಹಾದಂಗಡಿಯಲ್ಲಿ ಎದೆ ಹಿಡಿದುಕೊಂಡು ಕೂತರು. ಹೇಳಿದ ಚಹಾ ಬರುವಷ್ಟರಲ್ಲಿ ಮುಗಿದಿತ್ತು. ಮರುದಿನ ಮಣ್ಣು ಮಾಡಿ ಬಂದರು. ಅದರ ಮರುದಿನ ಮುಂಜಾನೆ ಐದಕ್ಕೆ ನೆರಳುಬಲೆಯ ಮನೆಯಲ್ಲಿ ಕೆಲಸ ಮಾಡುವ ಹೆಂಗಸರ ಫೋನಿಗೆಲ್ಲ ಸಂದೇಶ ಬಂತು: ಹದಿನೇಳನೇ ಸಾಲಿನ್ಯಾಗ ಮೊಗ್ಗು ಬಂದಾವ, ಬಿಸಲ ಏರೂದ್ರಾಗ ಮುಗಸ್ರಿ. ಮೆಣಸಿನಕಾಯಿ ಬೀಜ ಮಾಡುವ ಕೆಲಸವೇ ಹಾಗೆ. ಅರಳುವ ಮೊದಲೇ ಮೊಗ್ಗು ಬಿಡಿಸಿ, ಒಳಗಿನ ಗಂಡು ಕೇಸರವನ್ನು ಚಿಮಟಿಯಿಂದ ಕಿತ್ತು, ಬೇರೆ ಗಿಡದ ಪರಾಗ ಮುಟ್ಟಿಸಿ, ಗುರುತಿಗೆ ದಾರ ಕಟ್ಟಬೇಕು. ಒಂದು ದಿನ ತಡವಾದರೆ ಹೂವು ಹೋಯಿತು. ಹೆಂಗಸರು ಸಂದೇಶ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಹದಿನೇಳನೆಯ ಸಾಲಿಗೆ ಹೋದರು. ಅಂದಿನಿಂದ ಒಂದು ದಿನವೂ ಚೀಟಿ ತಪ್ಪಿಲ್ಲ. ಬಲೆಮನೆಯ ಕ್ಯಾಮೆರಾ ನೋಡಿ ಬರೆದು ಕಳಿಸುವುದು ಅವರ ಜೊತೆಗಾರ, ಆದರೂ ಸಾಹೇಬರ ಚೀಟಿ ಎಂದೇ ಕರೆಯುತ್ತಾರೆ. ಈ ವರ್ಷ ಬೀಜ ಹಿಂದೆಂದೂ ಇಲ್ಲದಷ್ಟು ಚೆನ್ನಾಗಿ ಬಂದಿದೆ. ಹೀಗಿರುವಾಗ ಯಾರು ಯಾಕೆ ಬಾಯಿ ಬಿಡುತ್ತಾರೆ?

ಕಂಪ್ಯೂಟರ್ ಇಟ್ಟಿದ್ದು ಬೀಜದ ಶೈತ್ಯಕೋಣೆಯ ಒಂದು ಮೂಲೆಯಲ್ಲಿ. ಹೇಗೂ ಎರಡಕ್ಕೂ ತಂಪು ಬೇಕು, ಬೇರೆ ಕೋಣೆ ಯಾಕೆ ದಂಡ ಎಂದು ಮಹಾಂತೇಶನ ಲೆಕ್ಕಾಚಾರ. ಹೊರಗೆ ಸೆಪ್ಟೆಂಬರಿನ ಸೆಕೆ, ಒಳಗೆ ಸ್ವೆಟರ್. ಬಾಗಿಲ ಹಿಂದೆ ಮೊಳೆಗೆ ಎರಡು ಸ್ವೆಟರ್ ತೂಗುಹಾಕಿದ್ದರು. ಕಂದು ಬಣ್ಣದ್ದಕ್ಕೆ ಕೈ ಹಾಕಿದಾಗ ಇರ್ಫಾನ್ ಮೆಲ್ಲಗೆ ಇನ್ನೊಂದನ್ನು ತೆಗೆದುಕೊಟ್ಟ. ಕಂದು ಬಣ್ಣದ್ದು ಯಾರದೆಂದು ನಾನು ಕೇಳಲಿಲ್ಲ.

ಸುತ್ತ ತಗಡಿನ ಡಬ್ಬಿಗಳಲ್ಲಿ ಸಾವಿರಾರು ಬೀಜ ಮಲಗಿದ್ದವು. ನಡುವೆ ಕೂತು ನಾನು ಆ ಕೀಲಿಯ ಜೊತೆಗಾರನಿಗೆ ಬರೆದು ಕೇಳಿದೆ, ಈಶ್ವರಪ್ಪ ಕಾಕೋಳ ಎಲ್ಲಿದ್ದಾರೆ ಎಂದು.

"ಶಿವನ ಮನೆಗೆ ಹೋಗಿದ್ದಾರೆ. ಬರ್ತೀನಿ ಎಂದು ಹೇಳಿದ್ದಾರೆ."

ಅವರು ತೀರಿಕೊಂಡದ್ದು ನಿನಗೆ ಗೊತ್ತಿಲ್ಲವೇ ಎಂದು ಕೇಳಿದೆ. ಇರ್ಫಾನನಿಗೆ ಅಷ್ಟು ದಬಾಯಿಸಿದ ನನ್ನ ಬೆರಳೂ 'ಸತ್ತದ್ದು' ಎಂದು ಬರೆದಿರಲಿಲ್ಲ. ಅದು ಆಮೇಲೆ ಗಮನಕ್ಕೆ ಬಂತು.

ಉತ್ತರ ತಡವಿಲ್ಲದೆ ಬಂತು. "ಫೆಬ್ರುವರಿ ಹತ್ತರಂದು ಕಚೇರಿಗೆ ರಜೆ. ಅದೇ ದಿನ ನಾಲ್ಕು ಹಾರ ತರಿಸಿದ್ದಾರೆ. ಇಪ್ಪತ್ತರಂದು ಶಿವಗಣಾರಾಧನೆಗೆ ಎಲ್ಲರೂ ಅರ್ಧ ದಿನ ಹೋಗಿದ್ದಾರೆ. ಅವರ ಕುರ್ಚಿಯನ್ನು ಯಾರೂ ಸರಿಸಿಲ್ಲ. ಇಷ್ಟನ್ನೂ ಓದಿದ್ದೇನೆ. ಆದರೆ ಅವರು ಇನ್ನು ಬರುವುದಿಲ್ಲ ಎಂದು ಹೇಳುವ ಹಕ್ಕುಳ್ಳವರು ಹೇಳಿಲ್ಲ. ನಾನು ಊಹಿಸಬಾರದು ಎಂದು ಹನ್ನೊಂದನೆಯ ಕಲಮು ಹೇಳುತ್ತದೆ."

ಸ್ವೆಟರ್ ಇದ್ದರೂ ಬೆನ್ನು ತಣ್ಣಗಾಯಿತು. ಆ ಹನ್ನೊಂದನೆಯ ಕಲಮನ್ನು ಬರೆದವಳು ನಾನು. ಹಿಂದೊಮ್ಮೆ ಬೇರೊಂದು ಊರಿನ ಕಾರ್ಖಾನೆಯಲ್ಲಿ ಬಾಣಂತಿಯೊಬ್ಬಳು ಆರು ವಾರ ಬರಲಿಲ್ಲವೆಂದು, ಅವಳು ಕೆಲಸವನ್ನೇ ಬಿಟ್ಟಳೆಂದು ಯಂತ್ರ ತಾನೇ ತೀರ್ಮಾನಿಸಿ ಕೀಲಿ ಕಿತ್ತುಕೊಂಡಿತ್ತು. ಆ ಹೆಣ್ಣುಮಗಳು ಮಗುವನ್ನು ಎತ್ತಿಕೊಂಡು ಗೇಟಿನ ಹೊರಗೆ ನಿಂತದ್ದನ್ನು ಕಂಡ ಮೇಲೆ, ಜೊತೆಗಾರನನ್ನು ತಯಾರಿಸುವವರಿಗೇ ಹೇಳಿ ಅದರ ನಿಯಮಗಳಲ್ಲಿ ಈ ಕಲಮು ಹಾಕಿಸಿದೆ. ಒಬ್ಬರು ಬರುವುದಿಲ್ಲವೆಂದು ಯಂತ್ರ ಊಹಿಸಬಾರದು. 'ಇಂಥವರು ಇನ್ನು ಬರುವುದಿಲ್ಲ' ಎಂದು ಮನುಷ್ಯರ ಬಾಯಿಂದ ಬರಬೇಕು. ಹೇಳುವ ಹಕ್ಕು ಆ ವ್ಯಕ್ತಿಗೆ, ಇಲ್ಲವೆ ಆ ವ್ಯಕ್ತಿ ಮೊದಲೇ ಹೆಸರಿಸಿದವರಿಗೆ. ಮಾಲೀಕರಿಗಿಲ್ಲ. ಮಾಲೀಕರು ಸಿಟ್ಟಿನ ಭರದಲ್ಲಿ ಯಾರನ್ನು ಬೇಕಾದರೂ ಹೊರಗೆ ಹಾಕುತ್ತಾರೆ ಎಂದು ಬೇಕೆಂದೇ ಬಿಟ್ಟಿದ್ದೆ. ಬಹಳ ಜಾಣತನ ಮಾಡಿದೆ ಎಂದುಕೊಂಡಿದ್ದೆ. ನಮ್ಮ ಜನ ಬಾಯಿಂದ ಅಂಥ ಮಾತು ಹೊರಡಿಸುವುದಿಲ್ಲ ಎಂಬುದು, ಇದೇ ಜನರ ನಡುವೆ ಹುಟ್ಟಿ ಬೆಳೆದ ನನಗೆ ಹೊಳೆದಿರಲಿಲ್ಲ. ಹೊಸ್ತಿಲು ದಾಟುವಾಗ 'ಹೋಗ್ತೀನಿ' ಎಂದರೆ ನಿಲ್ಲಿಸಿ ಬೈದು 'ಬರ್ತೀನಿ' ಅನ್ನಿಸಿಯೇ ಕಳಿಸುವ ಊರು ನಮ್ಮದು.

ಈಶ್ವರಪ್ಪನವರು ಕೊನೆಯ ದಿನ ಹೊರಡುವ ಮುನ್ನ ಜೊತೆಗಾರನಿಗೆ ಹೇಳಿದ್ದು ಎರಡೇ ಮಾತು. ಅದರ ದಾಖಲೆ ತೆರೆದು ಕೇಳಿದೆ. ಸ್ವಲ್ಪ ಗೊಗ್ಗರು ದನಿ, ಹಿಂದೆ ಸ್ಕೂಟರ್ ಕೀಲಿಯ ಸದ್ದು.

"ಬರ್ತೀನಪಾ. ನಾ ಬರೂತನಕಾ ನೋಡ್ಕೋ."

ಆ ಕೀಲಿಗೆ ಅವರು ಹೆಸರಿಸಿದ್ದ ವ್ಯಕ್ತಿ ಅವರ ಹೆಂಡತಿ, ಸುಮಂಗಲಾ.

ಬುಧವಾರ ಆ ಕೀಲಿಯಿಂದ ಏಳು ತಿಂಗಳಲ್ಲಿ ಯಾರು ಏನೇನು ಕೇಳಿದ್ದಾರೆ ಎಂದು ನೋಡಲು ಕೂತೆ. ಕಂಪನಿ ನಿಂತಿರುವುದೇ ಕೆಂಪಿ-9 ಎಂಬ ಮೆಣಸಿನ ಬೀಜದ ಮೇಲೆ. ಯಾವ ಹೆಣ್ಣು ತಳಿಗೆ ಯಾವ ಗಂಡು ತಳಿ ಕೂಡಿಸಿದರೆ ಕೆಂಪಿ ಹುಟ್ಟುತ್ತದೆ ಎಂಬುದು ಮಹಾಂತೇಶನಿಗೆ ಮತ್ತು ಈಶ್ವರಪ್ಪನವರಿಗೆ ಬಿಟ್ಟರೆ ಯಾರಿಗೂ ತಿಳಿಯದು. ಆ ಎರಡು ಸಂಖ್ಯೆ ಹೊರಗೆ ಹೋದರೆ ನಲವತ್ತೊಂದು ಮನೆಯ ಒಲೆ ತಣ್ಣಗಾಗುತ್ತದೆ. ಈಶ್ವರಪ್ಪನವರು ತಮ್ಮ ಟಿಪ್ಪಣಿಗಳಲ್ಲಿ ಎಲ್ಲಿಯೂ ಹೆಣ್ಣು ತಳಿ, ಗಂಡು ತಳಿ ಎಂದು ಬರೆದಿರಲಿಲ್ಲ. ಹೆಣ್ಣನ್ನು ಮಗಳು ಎಂದೂ ಗಂಡನ್ನು ಅಳಿಯ ಎಂದೂ ಕರೆಯುತ್ತಿದ್ದರು. ಮಗಳ ಮೊಗ್ಗು ಎಷ್ಟು ಬಿಟ್ಟಾವ ನೋಡಪಾ. ಅಳಿಯಾ ಸೊರಗ್ಯಾನ, ನೀರು ಕೊಡಸ್ರಿ. ಓದುತ್ತ ಹೋದರೆ ಬೀಗರ ಮನೆಯ ಪತ್ರ ಓದಿದಂತೆ ಆಗುತ್ತಿತ್ತು.

ಆಗಸ್ಟ್ ಕೊನೆಯಿಂದ ಈಚೆಗೆ ಬೇರೆಯೇ ಒಂದು ಧಾಟಿ ಕಂಡಿತು. ಪ್ರತಿ ಗುರುವಾರ ಮಧ್ಯಾಹ್ನ ನಾಲ್ಕರ ಸುಮಾರಿಗೆ, ಈಶ್ವರಪ್ಪನವರ ಫೋನಿನಿಂದಲೇ, ಕಾಲು ಗಂಟೆ ಮಾತ್ರ. 'ಕೆಂಪಿ-9ರ ಹೆಣ್ಣು ತಳಿಯ ಸಂಖ್ಯೆಯನ್ನು ದಯವಿಟ್ಟು ತಿಳಿಸಿ.' ಯಂತ್ರಕ್ಕೆ ದಯವಿಟ್ಟು ಎನ್ನುವ ಮನುಷ್ಯ ಇಡೀ ರಾಣೇಬೆನ್ನೂರಿನಲ್ಲಿ ಇರಲಾರ. ಮೂರು ಗುರುವಾರ ಅವನಿಗೆ ಸಿಕ್ಕ ಉತ್ತರ, ಆ ಹೆಸರಿನದು ಏನೂ ಇಲ್ಲ ಎಂದು. ಮಗಳು ಎಂದರೆ ಹೆಣ್ಣು ತಳಿ ಎಂದು ಈಶ್ವರಪ್ಪ ಜೊತೆಗಾರನಿಗೂ ಬಿಡಿಸಿ ಹೇಳಿರಲಿಲ್ಲ, ಜೊತೆಗಾರ ಊಹಿಸುವ ಗೋಜಿಗೆ ಹೋಗಿರಲಿಲ್ಲ. ಹೋದ ಗುರುವಾರ ಪ್ರಶ್ನೆ ಬದಲಾಗಿತ್ತು. 'ಮಗಳು ಎಂದರೆ ಯಾವ ತಳಿ? ಸಂಖ್ಯೆ ತಿಳಿಸಿ.' ಜೊತೆಗಾರ ತಿಳಿಸಿತ್ತು.

ಅರ್ಧ ಗುಟ್ಟು ಹೋಗಿತ್ತು. ಇನ್ನರ್ಧ ಅಳಿಯನ ಹೆಸರಿನಲ್ಲಿ ಉಳಿದಿತ್ತು. ಮರುದಿನ ಗುರುವಾರ.

ಮಹಾಂತೇಶನಿಗೆ ಹೇಳಿದೆ. ಬಣ್ಣಗೆಟ್ಟ. ಆ ಕೀಲಿಯನ್ನು ಈಗಲೇ ಅಳಿಸಿಬಿಡಿ ಎಂದ. ಹಾಗೆ ಬಲವಂತದಿಂದ ಅಳಿಸಿದರೆ ಅದರಡಿಯ ಟಿಪ್ಪಣಿಗಳಿಗೆಲ್ಲ ಬೀಗಮುದ್ರೆ ಬಿದ್ದು ಮತ್ತೆ ಓದಲಾಗುವುದಿಲ್ಲ, ಸಾಲಿನಲ್ಲಿ ನಿಂತ ಗಿಡಗಳಲ್ಲಿ ಯಾವುದು ಯಾರ ಸಂತಾನ ಎಂಬುದು ಸಹ ಯಾರಿಗೂ ತಿಳಿಯದಂತಾಗುತ್ತದೆ ಎಂದು ವಿವರಿಸಿದೆ. ಸರಿಯಾದ ದಾರಿ ಒಂದೇ. ಸುಮಂಗಲಾ ಅವರು ಹೇಳಬೇಕು. ಹಾಗಾದರೆ ನೀವೇ ಹೋಗಿ ಕೇಳಿ, ನನ್ನಿಂದಾಗದು, ನನ್ನನ್ನು ಎತ್ತಿ ಆಡಿಸಿದ ಮನುಷ್ಯ ಅವರು ಎಂದು ಅವನು ಕಿಟಕಿಯ ಕಡೆ ತಿರುಗಿದ. ಕಂಪನಿಯ ಸುರಕ್ಷತೆಯ ಬಗ್ಗೆ ನನಗೆ ಎರಡು ದಿನದಿಂದ ಭಾಷಣ ಬಿಗಿಯುತ್ತಿದ್ದವನು ಇವನೇ.

ಸುಮಂಗಲಾ ಅವರ ಮನೆ ಹಳೇ ಗಂಜ್ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ. ನಾನು ಯಾರೆಂದು ಹೇಳುವ ಮೊದಲೇ ಒಳಗೆ ಕರೆದು ತಟ್ಟೆಯ ತುಂಬ ಒಗ್ಗರಣೆ ಮಂಡಕ್ಕಿ ಇಟ್ಟರು. ಎತ್ತರದ ಹೆಂಗಸು, ಉದ್ದ ಬೆರಳು. ಮದುವೆಯಾದ ಹೊಸದರಲ್ಲಿ ತಾನೂ ಬಲೆಮನೆಯಲ್ಲಿ ಹೂವು ಕಟ್ಟುತ್ತಿದ್ದೆ, ಕೆಂಪಿಯ ಮೊದಲ ಹೂವಿಗೆ ದಾರ ಕಟ್ಟಿದ್ದು ತನ್ನ ಕೈ ಎಂದು ಹೇಳಿದರು. ಮಕ್ಕಳಾಗಲಿಲ್ಲ. ಮಗಳು ಎನ್ನುವ ಹೆಸರು ಹುಟ್ಟಿದ್ದು ಆ ಮನೆಯಲ್ಲೇ.

ಗಂಡನ ಫೋನು ದೇವರ ಗೂಡಿನ ಪಕ್ಕ ಗೋಡೆಯ ಮಾಡದಲ್ಲಿತ್ತು. ದಿನಾ ಮುಂಜಾನೆ ಐದಕ್ಕೆ ಅದು ಅಂದಿನ ಚೀಟಿಯನ್ನು ಗಟ್ಟಿಯಾಗಿ ಓದುತ್ತದಂತೆ. ಅವರು ಬದುಕಿದ್ದಾಗ ಹಲ್ಲುಜ್ಜುತ್ತ ಕೇಳಿಸಿಕೊಳ್ಳಲೆಂದು ಹಾಗೆ ಮಾಡಿಟ್ಟಿದ್ದರು. ಈಗ ಸುಮಂಗಲಾ ಕೇಳಿಸಿಕೊಳ್ಳುತ್ತಾರೆ.

ನಾನು ಏನೋ ಸಮಾಧಾನದ ಮಾತು ಹುಡುಕುತ್ತಿದ್ದೆ. ಅವರು ಕೈ ಅಡ್ಡ ಮಾಡಿದರು.

"ನನಗೇನ್ ಹುಚ್ಚ ಹಿಡದಿಲ್ಲವಾ. ಅವ್ರ ಹಣಿಗೆ ಕಡೀ ವಿಭೂತಿ ಹಚ್ಚಿದಾಕಿ ನಾನು. ಆದ್ರ ಮುಂಜಾನಿ ಆ ಚೀಟಿ ಓದಿದ್ರ ಮನ್ಯಾಗ ಕೆಲಸ ನಡದೈತಿ ಅನಸ್ತದ. ಎದ್ದು ಒಲೀ ಹಚ್ಚಾಕ ಒಂದು ನೆಪ ಬೇಕಲ್ಲ."

ಗುರುವಾರದ ಮನುಷ್ಯನ ಬಗ್ಗೆ ಕೇಳಿದೆ. ಮುಚ್ಚುಮರೆ ಇಲ್ಲದೆ ಹೇಳಿದರು. ಈಶ್ವರಪ್ಪನವರ ಹಳೆಯ ಗೆಳೆಯನಂತೆ, ಅವರ ಸಾಧನೆಯ ಬಗ್ಗೆ ಪುಸ್ತಕ ಮಾಡಿಸುತ್ತಾನಂತೆ, ಬರುವಾಗೆಲ್ಲ ಬಾಳೆಹಣ್ಣು ತರುತ್ತಾನೆ. ಚಹಾ ಕುದಿಯುವಷ್ಟು ಹೊತ್ತು ಫೋನು ನೋಡಿ ಏನೋ ಬರೆದುಕೊಳ್ಳುತ್ತಾನೆ. ಅವರು ಯಾವುದನ್ನು ಏನೆಂದು ಕರೆಯುತ್ತಿದ್ದರು ಎಂದು ಕೇಳಿದ್ದಕ್ಕೆ ಮಗಳ ವಿಷಯ ಹೇಳಿದೆ ಎಂದರು. ಹೇಳುವಾಗ ಅವರ ಮುಖದಲ್ಲಿ ಹೆಮ್ಮೆ ಇತ್ತು. ಹೋಗುವಾಗ ಅವನು ಬಾಗಿಲಲ್ಲಿ ನಿಂತು ನಗೆಚಾಟಿಕೆಗೆ ಎಂಬಂತೆ, ಹಾಗಾದರೆ ಮಗಳ ಗಂಡನಿಗೆ ಏನಂತಿದ್ದರು ಎಂದು ಕೇಳಿದನಂತೆ.

"ನಾನೂ ನಕ್ಕು ಹೇಳಿದೆ. ಮಗಳ ಗಂಡಗ ಊರಾಗ ಏನಂತಾರ್ರಿ, ಅಳಿಯಾ ಅಂತಾರ."

ಆ ಎರಡು ಹೆಸರಿನ ಹಿಂದೆ ಏನಿದೆ ಎಂದು ನಾನು ಹೇಳಿದೆ. ಅವರು ತಮ್ಮ ಬೆರಳುಗಳನ್ನು ನೋಡಿಕೊಂಡರು. ಮಂಡಕ್ಕಿ ಮೆತ್ತಗಾಯಿತು. ಕೊನೆಗೆ, ಮಗಳನ್ನು ಬಾಳೆಹಣ್ಣಿಗೆ ಕೊಟ್ಟೆನಲ್ಲ ಎಂದರು. 

ನಾನು ಏನು ಕೇಳಲು ಬಂದಿದ್ದೇನೆ ಎಂದು ಹೇಳಿದೆ. ಒಂದೇ ವಾಕ್ಯ. ಅವರ ಹೆಸರು, ಮುಂದೆ 'ಇನ್ನು ಬರುವುದಿಲ್ಲ'. ಬೇರೆ ಯಾರು ಹೇಳಿದರೂ ಕೀಲಿ ಮುಚ್ಚುವುದಿಲ್ಲ.

"ನನ್ನ ಬಾಯಿಂದನ ಹೇಳಬೇಕನು?"

ಹೌದು ಎಂದೆ. ಕಲಮು ಬರೆದವಳು ನಾನೇ ಎಂದು ಹೇಳಲು ಧೈರ್ಯ ಬರಲಿಲ್ಲ. ನಾಳೆ ಮುಂಜಾನೆ ಚೀಟಿ ಓದುವ ಹೊತ್ತಿಗೆ ಬಾ ಎಂದರು.

ಗುರುವಾರ ನಾನು ಹೋದಾಗ ಐದಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಸುಮಂಗಲಾ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡಿದ್ದರು. ಅಂಗಳಕ್ಕೆ ನೀರು ಹಾಕಿತ್ತು. ಫೋನನ್ನು ಮಾಡದಿಂದ ಇಳಿಸಿ ನಡುಮನೆಯಲ್ಲಿ ಮಣೆಯ ಮೇಲೆ ಇಟ್ಟಿದ್ದರು. ನಾನು ಗೋಡೆಗೆ ಆನಿಕೊಂಡು ಕೂತೆ.

ಐದಕ್ಕೆ ಅದು ತಾನಾಗಿ ಬೆಳಗಿ ಓದಲು ಶುರು ಮಾಡಿತು. ದನಿ ಯಂತ್ರದ್ದೇ, ಮಾತು ಮಾತ್ರ ಅವರದು. ಒಂಬತ್ತನೇ ಸಾಲಿನ್ಯಾಗ ದಾರ ಸಡ್ಲ ಆಗ್ಯಾವ. ಹದಿನೇಳರಾಗ ಮೊಗ್ಗು ಬಂದಾವ, ಬಿಸಲ ಏರೂದ್ರಾಗ ಮುಗಸ್ರಿ. ಮಗಳು ಚೊಲೋ ಅದಾಳ. ಅಳಿಯಗ ಇವತ್ತ ನೀರು ಬ್ಯಾಡ. ಸುಮಂಗಲಾ ಪ್ರತಿ ಸಾಲಿಗೂ ಹೂಂ ಎನ್ನುತ್ತಿದ್ದರು. ಏಳು ತಿಂಗಳಿಂದ ಹೀಗೇ ಹೂಂಗುಟ್ಟುತ್ತಿದ್ದಿರಬೇಕು. ಚೀಟಿ ಮುಗಿಯಿತು. ಅವರು ಫೋನನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು.

"ಈಶ್ವರಪ್ಪ ಕಾಕೋಳ ಇನ್ನ ಬರೂದಿಲ್ಲ."

ಗಂಡನ ಹೆಸರನ್ನು ಅವರು ಬಾಯಿಬಿಟ್ಟು ಹೇಳಿದ್ದು ಬಹುಶಃ ಮದುವೆಯ ದಿನ ಒಗಟು ಕಟ್ಟಿ ಹೆಸರು ಹೇಳಿಸಿದಾಗ ಬಿಟ್ಟರೆ ಇದೇ ಇರಬೇಕು. ಹೇಳಿದ ಮರುಗಳಿಗೆಯೇ ಅವರ ತುಟಿಯಿಂದ ಇನ್ನೊಂದು ಪದ ತಾನಾಗಿ ಜಾರಿತು.

"ಬಿಡ್ತು."

ಕೆಟ್ಟದ್ದು ಆಡಿದರೆ ಬಿಡ್ತು ಅನ್ನು ಎಂದು ನಮಗೆ ತೊಟ್ಟಿಲಿನಿಂದಲೇ ಕಲಿಸಿರುತ್ತಾರೆ. ಆಡಿದ ಮಾತು ಅಲ್ಲಿಗೆ ಬಿಟ್ಟುಹೋಗಲಿ ಎಂದು. ನಾನು ಬೆಚ್ಚಿಬಿದ್ದು ಫೋನಿನ ಕಡೆ ನೋಡಿದೆ. ಪರದೆಯ ಮೇಲಿನ ಸಣ್ಣ ಚಕ್ರ ಎರಡು ಸುತ್ತು ತಿರುಗಿತು.

"ಬಿಡ್ತು ಅಂದ್ರಿ," ಎಂದಿತು ಜೊತೆಗಾರ, ಅದೇ ಅವರ ಧಾಟಿಯಲ್ಲಿ. "ಮೊದಲ ಹೇಳಿದ ಮಾತು ಅಳಸಲೇನು?"

ಯಂತ್ರ ಒಂದು ಬಾಗಿಲು ತೆರೆದು ಹಿಡಿದಿತ್ತು. ಹೂಂ ಎಂದರೆ ಸಾಕು, ನಾಳೆ ಐದಕ್ಕೆ ಮತ್ತೆ ಚೀಟಿ ಓದುತ್ತಿತ್ತು. ಸುಮಂಗಲಾ ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿದೆ. ನಾನು ಹೇಳಬಹುದಾದ ಮಾತು ಅದಾಗಿರಲಿಲ್ಲ. ಹೊರಗೆ ಯಾರೋ ಹಾಲಿನ ಕ್ಯಾನು ಇಳಿಸಿದ ಸದ್ದಾಯಿತು.

"ಬ್ಯಾಡಪಾ," ಎಂದರು. "ಅಳಸಬ್ಯಾಡ. ಇಷ್ಟ ದಿನಾ ನೋಡ್ಕೊಂಡಿ. ಸಾಕು."

"ಆತ್ರಿ," ಎಂದಿತು. ಪರದೆ ಕಪ್ಪಾಯಿತು.

ಅವರು ಅಳಲಿಲ್ಲ. ಒಲೆಯ ಮೇಲಿಟ್ಟಿದ್ದ ಚಹಾವನ್ನು ಎರಡು ಲೋಟಕ್ಕೆ ಬಗ್ಗಿಸಿದರು. ಒಂದನ್ನು ನನಗೆ ಕೊಡುವ ಮೊದಲು ಕೈ ಸ್ವಲ್ಪ ತಡೆಯಿತು. ಆ ಲೋಟ ನನ್ನದಲ್ಲವೆಂದು ಗೊತ್ತಿದ್ದೂ ಕುಡಿದೆ.

ಮಧ್ಯಾಹ್ನ ನಾಲ್ಕಕ್ಕೆ ಗುರುವಾರದ ಮನುಷ್ಯ ಬಂದ. ಅಡುಗೆಮನೆಯಲ್ಲಿ ನಾನೂ ಮಹಾಂತೇಶನ ವಕೀಲರೂ ಕೂತಿದ್ದೆವು. ಸುಮಂಗಲಾ ಎಂದಿನಂತೆ ಫೋನು ಕೊಟ್ಟು ಚಹಾಕ್ಕೆ ಇಟ್ಟರು. ಈ ಕೀಲಿಯ ಒಡೆಯರು ಇನ್ನು ಬರುವುದಿಲ್ಲ ಎಂಬ ಒಂದೇ ಸಾಲು ಅವನಿಗೆ ಸಿಕ್ಕಿತು. ಎಷ್ಟು ಸಲ ಕೇಳಿದರೂ ಅದೇ. ಚಹಾ ಕುದಿಯುವ ಮೊದಲೇ ಎದ್ದ. ವಕೀಲರು ಅವನನ್ನು ಬಾಗಿಲಲ್ಲಿ ನಿಲ್ಲಿಸಿ ಹೆಸರು, ವಿಳಾಸ ಕೇಳುತ್ತಿದ್ದಾಗ ಸುಮಂಗಲಾ ಬಾಳೆಹಣ್ಣಿನ ಚೀಲವನ್ನು ತಂದು ಅವನ ಕೈಗೆ ವಾಪಸು ಕೊಟ್ಟರು.

ಸೋಮವಾರ ನಲವತ್ತೊಂದು ಜನಕ್ಕೆ ನಲವತ್ತೊಂದು ಜೊತೆಗಾರರು ಚಾಲೂ ಆದವು. ಇರ್ಫಾನನ ನಮೂನೆಯಲ್ಲಿ ಐದನೆಯ ಆಯ್ಕೆಯೊಂದನ್ನು ಸೇರಿಸಿದೆ. 'ತೀರಿಕೊಂಡಿದ್ದಾರೆ' ಎಂದು ಬರೆಸಿದೆ, ಅದಕ್ಕಿಂತ ಗಟ್ಟಿ ಪದಕ್ಕೆ ಇರ್ಫಾನ್ ಒಪ್ಪಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಈಶ್ವರಪ್ಪನವರ ಟಿಪ್ಪಣಿಗಳನ್ನು ಹೊಸ ತಳಿ ಮುಖ್ಯಸ್ಥರು ಬರುವವರೆಗೆ ಯಾರದಾದರೂ ಸುಪರ್ದಿಗೆ ಕೊಡಬೇಕಿತ್ತು. ಎರಡು ದಿನದ ಮಟ್ಟಿಗೆಂದು ನನ್ನ ತಾತ್ಕಾಲಿಕ ಕೀಲಿಗೇ ಜೋಡಿಸಿಕೊಂಡೆ. ಆಮೇಲೆ ಲೆಕ್ಕಪತ್ರ, ಊಟ, ಶಾಲು, ಫೋಟೋ ಎಂದು ಗಡಿಬಿಡಿಯಾಯಿತು. ಗೇಟಿನವರೆಗೆ ಇರ್ಫಾನ್ ಬಂದ. ಬಸ್ಸಿನ ಹೊತ್ತು ನೋಡಲು ಫೋನು ಕೈಯಲ್ಲಿ ಹಿಡಿದಿದ್ದೆ. ಎಲ್ಲರೂ ಅನ್ನುವ ಹಾಗೆ ನಾನೂ ಅಂದೆ.

"ಬರ್ತೀನ್ರಿ."

ಧಾರವಾಡಕ್ಕೆ ಬಂದ ಮೇಲೆ ಬೇರೆ ಕಂಪನಿಯ ಕೆಲಸ ಹತ್ತಿಕೊಂಡಿತು. ಒಂದು ಸಂಜೆ ಸುಮಂಗಲಾ ಫೋನು ಮಾಡಿದ್ದರು. ಹೊಸ ಸುದ್ದಿ ಏನೂ ಇರಲಿಲ್ಲ. ಐದಕ್ಕೆ ಎಚ್ಚರವಾಗುತ್ತದೆ, ಮನೆ ಸುಮ್ಮನಿರುತ್ತದೆ ಎಂದರು. ಏನು ಹೇಳಬೇಕೆಂದು ತಿಳಿಯದೆ, ರೂಢಿಯಾಗುತ್ತದೆ ಎಂದೆ. ಎಷ್ಟು ಪೊಳ್ಳು ಮಾತು ಆಡಿದೆ ಎಂದು ಮರುದಿನ ಮುಂಜಾನೆ ತಿಳಿಯಿತು.

ಐದಕ್ಕೆ ನನ್ನ ತಲೆದಿಂಬಿನ ಪಕ್ಕದ ಫೋನು ಬೆಳಗಿತು.

"ಬರ್ತೀನಿ ಅಂದಿದ್ರಿ. ಹನ್ನೊಂದು ದಿನ ಆತು. ಕೀಲಿ ತಗದಿಟ್ಟೀನಿ," ಎಂದಿತು. ನನ್ನ ಜೊತೆ ಯಾವಾಗಲೂ ಪುಸ್ತಕದ ಕನ್ನಡದಲ್ಲಿ ಬರೆಯುತ್ತಿದ್ದ ಜೊತೆಗಾರ ಈಗ ಈಶ್ವರಪ್ಪನವರ ಬಾಯಲ್ಲಿ ಮಾತಾಡುತ್ತಿತ್ತು. ಟಿಪ್ಪಣಿಗಳ ಜೊತೆ ಆ ಧಾಟಿಯೂ ನನಗೆ ಬಂದಿತ್ತು. "ಹದಿನೇಳರಾಗ ಮೊಗ್ಗು ಬಂದಾವ. ಮಗಳು ಚೊಲೋ ಅದಾಳ."

ಎದ್ದು ಕೂತೆ. ಒಡೆಯನಿಲ್ಲದ ಕೀಲಿ, ಊರ ಹೊರಗೆ, ಒಂದು ಫೋನಿನಲ್ಲಿ, ಬೀಗವಿಲ್ಲದ ಮಲಗುವ ಕೋಣೆಯಲ್ಲಿ. ಇಂಥದ್ದು ಕಂಡರೆ ನಾನು ಕಂಪನಿಗಳಿಗೆ ಹತ್ತು ಪುಟ ಬೈಗುಳ ಬರೆದು ಕೊಡುತ್ತೇನೆ. ಮುಚ್ಚುವ ಹಕ್ಕು ನನ್ನದೇ, ಬೇರೆ ಯಾರ ಹೆಸರನ್ನೂ ನಾನು ಕೊಟ್ಟಿರಲಿಲ್ಲ. ದೀಪ ಹಾಕಿ ಹೇಳಿದೆ.

"ರೋಹಿಣಿ ಪಟ್ಟಣಶೆಟ್ಟಿ ಇನ್ನು ಬರುವುದಿಲ್ಲ."

ನನ್ನ ಹೆಸರಿನ ಮುಂದೆ ಆ ಮಾತು ನನ್ನ ಕಿವಿಗೇ ಬಿತ್ತು. ಸುಮಂಗಲಾ ಅವರಿಂದ ನಾನು ಏನನ್ನು ಹೇಳಿಸಿದೆ ಎಂಬುದು ಆಗ ಗೊತ್ತಾಯಿತು. ಅಡುಗೆಮನೆಯಿಂದ ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿಬಂದಳು. ಅವಳ ಮುಖದಲ್ಲಿ ರಕ್ತವಿರಲಿಲ್ಲ.

"ಏನ್ ಮಾತಂತ ಆಡ್ತಿ ಮುಂಜಾನೆದ್ದು? ಬಿಡ್ತು ಅನ್ನ ಮೊದಲ."

ಏನೂ ಇಲ್ಲ, ಇದು ಕಂಪನಿಯ ಕೆಲಸ ಎಂದೆ. ಅವಳು ಕೇಳುವ ಸ್ಥಿತಿಯಲ್ಲಿರಲಿಲ್ಲ. ಎಪ್ಪತ್ತೆರಡು ವರ್ಷದ ಮುದುಕಿ. ನನ್ನ ಭುಜ ಹಿಡಿದು ಅಲುಗಿಸಿದಳು.

"ಅನ್ನ ಅಂದೆ."

"ಬಿಡ್ತು," ಅಂದೆ.

ಹಾಸಿಗೆಯ ಮೇಲಿನ ಫೋನಿನಲ್ಲಿ ಸಣ್ಣ ಚಕ್ರ ಎರಡು ಸುತ್ತು ತಿರುಗಿತು. ಅಳಸಲೇನು ಎಂದು ಈ ಸಲ ಅದು ಕೇಳಲಿಲ್ಲ. ಅವ್ವ ಅಷ್ಟು ಒತ್ತಾಯಿಸಿದ್ದನ್ನು ಕೇಳಿಯೇ ಆ ಮಾತಿನ ಅರ್ಥ ಅದು ಕಲಿತಿತ್ತು.

"ಅಳಸೀನ್ರಿ," ಎಂದಿತು. "ನೀವು ಬರೂತನಕಾ ನೋಡ್ಕೋತೀನಿ."

ಅವ್ವ ಯಾರದು ದನಿ ಎಂದು ಕೇಳಿದಳು. ಕೆಲಸದವರದು ಎಂದೆ.